ಪುಟ್ಟ ಲ್ಯಾಪ್‌ಟಾಪಿನಲ್ಲಿ ದೊಡ್ಡ ಆಟ: ಕೊಳ್ಳುವ ಮುನ್ನದ ಲೆಕ್ಕಾಚಾರ

ಆಟಗಳಿಗೆಂದೇ ತಯಾರಾದ ಲ್ಯಾಪ್‌ಟಾಪ್ ಎಂದ ಕೂಡಲೇ ನೆನಪಾಗುವುದು ಹದಿನೈದೂವರೆ ಇಂಚಿನ ಪರದೆ, ಎರಡರಿಂದ ಎರಡೂವರೆ ಕಿಲೋ ತೂಕ ಮತ್ತು ಜೊತೆಯಲ್ಲಿ ಹೊರಲೇಬೇಕಾದ ಇಟ್ಟಿಗೆ ಗಾತ್ರದ ಚಾರ್ಜರ್. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯ ಯಂತ್ರವೂ ಬಹಳ ಕಾಲದಿಂದ ಮಾರುಕಟ್ಟೆಯಲ್ಲಿದೆ. 2010ರಲ್ಲಿ ಏಲಿಯನ್‌ವೇರ್ ಸಂಸ್ಥೆಯು 11.6 ಇಂಚಿನ ಪರದೆಯ ಎಂ11ಎಕ್ಸ್ ಲ್ಯಾಪ್‌ಟಾಪಿನೊಳಗೆ ಆಟದ ಚಿತ್ರಗಳನ್ನು ಬಿಡಿಸಲೆಂದೇ ಇರುವ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನು ಕೂರಿಸಿತ್ತು. ಸುಮಾರು ಎರಡು ಕಿಲೋ ತೂಗುತ್ತಿದ್ದ ಅದರ ತಯಾರಿಕೆ 2012ರಲ್ಲಿ ನಿಂತುಹೋಯಿತು. 2016ರಲ್ಲಿ ಚೀನಾದ ಶೆನ್‌ಜೆನ್ ನಗರದ ಜಿಪಿಡಿ ಸಂಸ್ಥೆಯು ಆಸಕ್ತರಿಂದಲೇ ಮುಂಗಡ ಹಣ ಸಂಗ್ರಹಿಸಿ, ಐದೂವರೆ ಇಂಚಿನ ಪರದೆಯ ಜೊತೆಗೆ ಕೀಬೋರ್ಡ್ ಮತ್ತು ಜಾಯ್‌ಸ್ಟಿಕ್ ಎರಡನ್ನೂ ಒಳಗೊಂಡ ಜಿಪಿಡಿ ವಿನ್ ಎಂಬ ಯಂತ್ರವನ್ನು ಹೊರತಂದಿತು. ಅದೇ ಸಂಸ್ಥೆಯ 2022ರ ವಿನ್ ಮ್ಯಾಕ್ಸ್ 2 ಹತ್ತು ಇಂಚಿನದು, ತೂಕ ಒಂದು ಕಿಲೋ. 2023ರ ವಿನ್ ಮಿನಿ ಏಳು ಇಂಚಿನದು, ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಈ ಸಾಲಿನ ದೊಡ್ಡ ತುದಿಯಲ್ಲಿ, 2021ರಲ್ಲಿ ಬಂದ ಏಸುಸ್ ಸಂಸ್ಥೆಯ ಆರ್‌ಒಜಿ ಫ್ಲೋ ಎಕ್ಸ್13ರಂಥ, 13.4 ಇಂಚು ಪರದೆಯ, 1.3 ಕಿಲೋ ತೂಕದ ಲ್ಯಾಪ್‌ಟಾಪ್‌ಗಳಿವೆ.

ಇಂಥ ಯಂತ್ರವನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಕೇಳುವುದು, ಇದರಲ್ಲಿ ಇಂಥ ಆಟ ಓಡುತ್ತದೆಯೇ ಎಂದು. ಓಡುತ್ತದೆ ಎಂಬ ಉತ್ತರ ಬಹುಪಾಲು ಸಂದರ್ಭಗಳಲ್ಲಿ ನಿಜವೇ ಆದರೂ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಪರದೆಯ ಮೇಲೆ ಎಷ್ಟು ಪಿಕ್ಸೆಲ್‌ಗಳನ್ನು (ಚಿತ್ರದ ಚುಕ್ಕೆಗಳನ್ನು) ಬಿಡಿಸುತ್ತ, ಎಷ್ಟು ವ್ಯಾಟ್ ವಿದ್ಯುತ್ತನ್ನು ಬಳಸುತ್ತ, ಎಷ್ಟು ಹೊತ್ತು ಓಡುತ್ತದೆ ಎಂಬುದು ತಿಳಿದಾಗ ಮಾತ್ರ ಆ ಉತ್ತರಕ್ಕೆ ಅರ್ಥ ಬರುತ್ತದೆ. ಚಿಪ್ಪಿನ ಹೆಸರು ಇದರಲ್ಲಿ ಎರಡನೆಯ ಸಂಗತಿ, ಮೊದಲನೆಯದು ವ್ಯಾಟ್.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್‌ಗಳು ಬಳಸುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಆದ್ದರಿಂದ ಒಂದು ಲ್ಯಾಪ್‌ಟಾಪ್ ನಿರಂತರವಾಗಿ ಎಷ್ಟು ವ್ಯಾಟ್ ಬಳಸಬಲ್ಲದು ಎಂಬುದು, ಅದು ಎಷ್ಟು ಶಾಖವನ್ನು ಹೊರಗೆ ತಳ್ಳಬಲ್ಲದು ಎಂಬುದರ ಮೇಲೆ ನಿಂತಿದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದ ಮಟ್ಟದಲ್ಲಿ ಹೊಂದಿಸಿಕೊಳ್ಳಬಹುದು. ಹೆಸರು ಒಂದೇ, ಪೆಟ್ಟಿಗೆಯ ಮೇಲಿನ ಚೀಟಿಯೂ ಒಂದೇ. ಆದರೆ ತೆಳುವಾದ ಲ್ಯಾಪ್‌ಟಾಪಿನೊಳಗಿನ 4060ಕ್ಕೂ ದಪ್ಪ ಲ್ಯಾಪ್‌ಟಾಪಿನೊಳಗಿನ 4060ಕ್ಕೂ ಇರುವ ಅಂತರವು ಕೆಲವೊಮ್ಮೆ ಎರಡು ಬೇರೆ ದರ್ಜೆಯ ಚಿಪ್‌ಗಳ ನಡುವಿನ ಅಂತರದಷ್ಟಿರುತ್ತದೆ. ವಿನ್ ಮ್ಯಾಕ್ಸ್ 2ರಂಥ ಯಂತ್ರದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೇ ಇರುವುದಿಲ್ಲ. ಎಎಂಡಿಯ ರೈಜೆನ್ 7 6800ಯು ಅಥವಾ ನಂತರ ಬಂದ 7840ಯು ಪ್ರೊಸೆಸರಿನೊಳಗೇ ಅಡಗಿರುವ ರೇಡಿಯಾನ್ ಗ್ರಾಫಿಕ್ಸ್ ಭಾಗವು, ಉಳಿದೆಲ್ಲದರ ಜೊತೆ ಹಂಚಿಕೊಂಡು, ಸುಮಾರು 15ರಿಂದ 28 ವ್ಯಾಟ್‌ಗಳ ಮಿತಿಯಲ್ಲಿ ಕೆಲಸ ಮಾಡಬೇಕಾಗುತ್ತದೆ.

ಮಿತಿ ಇಷ್ಟು ಕಡಿಮೆ ಇರುವುದಕ್ಕೆ ಮುಖ್ಯ ಕಾರಣ ಫ್ಯಾನಿನ ಗಾತ್ರ. ಒಂದೇ ವಿನ್ಯಾಸದ ಎರಡು ಫ್ಯಾನ್‌ಗಳನ್ನು ಹೋಲಿಸಿದರೆ, ಅವು ತಳ್ಳುವ ಗಾಳಿಯ ಪ್ರಮಾಣವು ತಿರುಗುವ ವೇಗಕ್ಕೆ ನೇರ ಅನುಪಾತದಲ್ಲಿಯೂ ವ್ಯಾಸದ ಘನಕ್ಕೆ ಅನುಗುಣವಾಗಿಯೂ ಇರುತ್ತದೆ. ಅಂದರೆ ಎಲ್ಲ ಅಳತೆಗಳನ್ನೂ ಅರ್ಧಕ್ಕೆ ಇಳಿಸಿದ ಫ್ಯಾನು ಅದೇ ವೇಗದಲ್ಲಿ ತಿರುಗಿದರೆ ಎಂಟನೆಯ ಒಂದು ಭಾಗದಷ್ಟು ಗಾಳಿಯನ್ನು ಮಾತ್ರ ತಳ್ಳಬಲ್ಲದು. ಈ ಕೊರತೆಯನ್ನು ತುಂಬಿಕೊಳ್ಳಲು ಅದು ಹೆಚ್ಚು ವೇಗವಾಗಿ ತಿರುಗಬೇಕು, ವೇಗ ಹೆಚ್ಚಿದಂತೆ ಸದ್ದು ಹೆಚ್ಚುತ್ತದೆ, ಸಣ್ಣ ಫ್ಯಾನಿನ ಸದ್ದು ಕಿವಿಗೆ ಕೀಚಲಾಗಿಯೂ ಕೇಳಿಸುತ್ತದೆ. ಪುಟ್ಟ ಲ್ಯಾಪ್‌ಟಾಪ್‌ಗಳ ಸದ್ದಿನ ಬಗ್ಗೆ ಬಳಕೆದಾರರು ಆಡುವ ದೂರಿನ ಬಹುಭಾಗಕ್ಕೆ ತಯಾರಕರ ಅಸಡ್ಡೆಗಿಂತ ಈ ಗಣಿತವೇ ಹೊಣೆ.

ನಮ್ಮ ಕಡೆಯ ಹವೆಯನ್ನೂ ಈ ಲೆಕ್ಕದಲ್ಲಿ ಸೇರಿಸಬೇಕಾಗುತ್ತದೆ. ಶಾಖ ಹೊರಹೋಗುವ ವೇಗವು ಚಿಪ್ಪಿನ ಉಷ್ಣತೆಗೂ ಸುತ್ತಲಿನ ಗಾಳಿಯ ಉಷ್ಣತೆಗೂ ಇರುವ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ. ಚಿಪ್ಪನ್ನು 95 ಡಿಗ್ರಿಯವರೆಗೆ ಬಿಡುತ್ತಾರೆ ಎಂದುಕೊಂಡರೆ, 25 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಈ ವ್ಯತ್ಯಾಸ 70 ಡಿಗ್ರಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಕೋಣೆಯೊಳಗೆ 40 ಡಿಗ್ರಿ ಇದ್ದಾಗ ಅದು 55ಕ್ಕೆ ಇಳಿಯುತ್ತದೆ. ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಖ ಹೆಚ್ಚುಕಡಿಮೆ ಐದನೆಯ ಒಂದು ಭಾಗದಷ್ಟು ಕುಗ್ಗಿದಂತಾಯಿತು. ದೊಡ್ಡ ಲ್ಯಾಪ್‌ಟಾಪಿಗೆ ಇಷ್ಟನ್ನು ನುಂಗಿಕೊಳ್ಳುವಷ್ಟು ಅವಕಾಶವಿರಬಹುದು, ಸದಾ ಅಂಚಿನಲ್ಲೇ ಓಡುವ ಪುಟ್ಟ ಯಂತ್ರಕ್ಕೆ ಇರುವುದಿಲ್ಲ. ಯುರೋಪು, ಅಮೆರಿಕಗಳ ತಂಪು ಕೋಣೆಗಳಲ್ಲಿ ಮಾಡಿದ ಪರೀಕ್ಷೆಗಳ ಅಂಕಿಗಳನ್ನು ಓದುವಾಗ ಇದು ನೆನಪಿನಲ್ಲಿರಬೇಕು. ಇದಲ್ಲದೆ, ಈ ಯಂತ್ರಗಳನ್ನು ಕೈಯಲ್ಲೇ ಹಿಡಿದುಕೊಳ್ಳುವುದರಿಂದ ಹೊರಮೈ ಎಷ್ಟು ಬಿಸಿಯಾಗಬಹುದು ಎಂಬುದಕ್ಕೂ ಮಿತಿಯಿದೆ; ಚಿಪ್ಪು ತಡೆದುಕೊಂಡರೂ ಬೆರಳು ತಡೆದುಕೊಳ್ಳಬೇಕಲ್ಲ.

ಹಾಗಿದ್ದೂ 28 ವ್ಯಾಟ್‌ಗಳ ಯಂತ್ರವು 150 ವ್ಯಾಟ್‌ಗಳ ಯಂತ್ರದ ಐದನೆಯ ಒಂದು ಭಾಗದಷ್ಟೇ ಕೆಲಸ ಮಾಡುತ್ತದೆ ಎಂದು ಭಾವಿಸಬೇಕಾಗಿಲ್ಲ. ಚಿಪ್ಪು ಬಳಸುವ ವಿದ್ಯುತ್ತು ಅದರ ವೇಗದ ಜೊತೆಗೆ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ, ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಹೀಗಾಗಿ ಕೊನೆಯ ಹತ್ತಿಪ್ಪತ್ತು ಪ್ರತಿಶತ ವೇಗಕ್ಕಾಗಿ ತೆರಬೇಕಾದ ವ್ಯಾಟ್‌ಗಳು ಲೆಕ್ಕಕ್ಕೆ ಮೀರಿದಷ್ಟಿರುತ್ತವೆ, ಅದನ್ನು ಬಿಟ್ಟುಕೊಟ್ಟರೆ ಉಳಿತಾಯವೂ ಅಷ್ಟೇ ದೊಡ್ಡದು. ಪುಟ್ಟ ಯಂತ್ರಗಳು ಬದುಕಿರುವುದೇ ವೇಗಕ್ಕೂ ವ್ಯಾಟ್‌ಗೂ ನಡುವಿನ ಈ ವಕ್ರರೇಖೆಯ ದಯೆಯಿಂದ. ವಿನ್ ಮ್ಯಾಕ್ಸ್ 2ರ ಮಾಲೀಕರು ಮಿತಿಯನ್ನು 15 ವ್ಯಾಟ್‌ನಿಂದ 20ಕ್ಕೆ ಏರಿಸಿದಾಗ ಕಾಣುವ ಲಾಭವು 23ರಿಂದ 28ಕ್ಕೆ ಏರಿಸಿದಾಗ ಕಾಣುವುದಿಲ್ಲ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಪಾಲಿನಲ್ಲಿ ಉಣ್ಣುವುದರಿಂದ ಇನ್ನೊಂದು ವಿಚಿತ್ರವೂ ನಡೆಯುತ್ತದೆ: ಪ್ರೊಸೆಸರ್ ತಾನಾಗಿಯೇ ಏರಿಸಿಕೊಳ್ಳುವ ಟರ್ಬೊ ವೇಗವನ್ನು ತಡೆದರೆ ಉಳಿದ ವ್ಯಾಟ್‌ಗಳು ಗ್ರಾಫಿಕ್ಸ್ ಭಾಗಕ್ಕೆ ಸಿಕ್ಕಿ, ಆಟದ ಫ್ರೇಮ್‌ಗಳ (ಸೆಕೆಂಡಿಗೆ ಮೂಡುವ ಚಿತ್ರಗಳ) ಸಂಖ್ಯೆ ಕೆಲವು ಸಂದರ್ಭಗಳಲ್ಲಿ ಏರುತ್ತದೆ.

ಪಿಕ್ಸೆಲ್‌ಗಳ ವಿಷಯದಲ್ಲಿ ಚಿಕ್ಕ ಪರದೆಗೆ ಅನುಕೂಲವೇ ಹೆಚ್ಚು. 2560×1600 ಪಿಕ್ಸೆಲ್‌ಗಳ ಪರದೆಯಲ್ಲಿ ಪ್ರತಿ ಫ್ರೇಮಿಗೆ ಸುಮಾರು 41 ಲಕ್ಷ ಪಿಕ್ಸೆಲ್‌ಗಳನ್ನು ಲೆಕ್ಕಹಾಕಬೇಕು. 1920×1200ಕ್ಕೆ ಇಳಿಸಿದರೆ 23 ಲಕ್ಷ, 1280×800ಕ್ಕೆ ಇಳಿಸಿದರೆ ಹತ್ತು ಲಕ್ಷಕ್ಕಿಂತ ತುಸು ಹೆಚ್ಚು. ಹದಿನಾರು ಇಂಚಿನ ಪರದೆಯಲ್ಲಿ 1280×800 ಎಂದರೆ ಅಂಚುಗಳೆಲ್ಲ ಗರಗಸದಂತೆ ಕಾಣುತ್ತವೆ. ಹತ್ತು ಇಂಚಿನ ಪರದೆಯಲ್ಲಿ ಅದೇ ಸಂಖ್ಯೆಯ ಪಿಕ್ಸೆಲ್‌ಗಳು ಒಂದು ಇಂಚಿಗೆ ಸುಮಾರು 149ರಂತೆ ಕೂರುತ್ತವೆ, 15.6 ಇಂಚಿನ ಸಾಮಾನ್ಯ 1920×1080 ಪರದೆಯಲ್ಲಿ ಇರುವುದು ಇಂಚಿಗೆ 141 ಮಾತ್ರ. ವಿನ್ ಮ್ಯಾಕ್ಸ್ 2ರ ಪರದೆಯು 2560×1600 ಆಗಿರುವುದರಿಂದ 1280×800ರ ಪ್ರತಿ ಪಿಕ್ಸೆಲ್ಲೂ ಪರದೆಯ ನಾಲ್ಕು ಪಿಕ್ಸೆಲ್‌ಗಳ ಚೌಕದಲ್ಲಿ ಸರಿಯಾಗಿ ಕೂರುತ್ತದೆ, ಮಸುಕಾಗಬೇಕಾದ ಕಾರಣವಿಲ್ಲ. ಇಷ್ಟು ಪಿಕ್ಸೆಲ್‌ಗಳಿರುವ ಪರದೆಯನ್ನು ಇಷ್ಟು ದುರ್ಬಲ ಗ್ರಾಫಿಕ್ಸಿಗೆ ಜೋಡಿಸಿದ್ದನ್ನು ಅನೇಕರು ಹಾಸ್ಯ ಮಾಡಿದ್ದಾರೆ. ಆಟಕ್ಕೆ ಕಾಲುಭಾಗ, ಅಕ್ಷರಗಳಿಗೆ ಪೂರ್ಣ ಎಂದು ಬಳಸುವವರಿಗೆ ಅದು ಒಳ್ಳೆಯ ಆಯ್ಕೆಯೆಂದೇ ನನ್ನ ಅಭಿಪ್ರಾಯ.

ಚಿಕ್ಕ ಪರದೆಯ ತೊಂದರೆ ಬೇರೆ ಕಡೆ ಇದೆ. ಸಿವಿಲೈಸೇಶನ್ 6ರಂಥ ತಂತ್ರಗಾರಿಕೆಯ ಆಟಗಳನ್ನು ಮೇಜಿನ ಮೇಲಿನ ದೊಡ್ಡ ಪರದೆಗಾಗಿ ರೂಪಿಸಿರುತ್ತಾರೆ. ಅವುಗಳ ಪಟ್ಟಿಗಳು, ಅಂಕಿಗಳು, ಸೂಚನೆಗಳು ಏಳು ಇಂಚಿನಲ್ಲಿ ಓದಲಾರದಷ್ಟು ಸಣ್ಣದಾಗುತ್ತವೆ. ಅಕ್ಷರದ ಗಾತ್ರವನ್ನು ಹೆಚ್ಚಿಸುವ ಸೌಲಭ್ಯ ಎಲ್ಲ ಆಟಗಳಲ್ಲೂ ಇರುವುದಿಲ್ಲ. ನಲವತ್ತು ದಾಟಿದ ಕಣ್ಣುಗಳಿಗೆ ಇದು ವ್ಯಾಟ್ ಲೆಕ್ಕಕ್ಕಿಂತಲೂ ಮುಖ್ಯವಾದೀತು. ಈ ಜಾತಿಯ ಆರಂಭದ ಯಂತ್ರಗಳಲ್ಲಿ ಉದ್ದುದ್ದ ನಿಲ್ಲುವ ಪರದೆಗಳನ್ನೇ ಅಡ್ಡ ಮಲಗಿಸಿ ಬಳಸಿದ್ದರಿಂದ, ಕೆಲವು ಹಳೆಯ ಆಟಗಳು ತೊಂಬತ್ತು ಡಿಗ್ರಿ ತಿರುಗಿ ಕಾಣುವ ತಮಾಷೆಯೂ ನಡೆಯುತ್ತಿತ್ತು.

ಫ್ರೇಮ್‌ಗಳ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ 30 ಫ್ರೇಮ್‌ಗಳೆಂದರೆ ಪ್ರತಿ ಚಿತ್ರಕ್ಕೆ 33.3 ಮಿಲಿಸೆಕೆಂಡು, 60 ಎಂದರೆ 16.7; ಇವೆರಡರ ನಟ್ಟನಡುವೆ, 25 ಮಿಲಿಸೆಕೆಂಡಿನಲ್ಲಿ, ಕೂರುವುದು 45 ಅಲ್ಲ, 40. ಆದ್ದರಿಂದ 60ನ್ನು ಮುಟ್ಟಲಾಗದ ಪುಟ್ಟ ಯಂತ್ರದಲ್ಲಿ 40ಕ್ಕೆ ಬಿಗಿಹಿಡಿಯುವುದು ಒಳ್ಳೆಯ ರಾಜಿ. ಅದು 120 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 120 ಬಾರಿ ಹೊಸದಾಗಿ ಮೂಡುವ ಪರದೆಯಲ್ಲಿ, ಪ್ರತಿ ಫ್ರೇಮಿಗೆ ಮೂರು ಬಾರಿಯಂತೆ ಸಮನಾಗಿ ಹಂಚಿಕೆಯಾಗುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಹಾಗೆ ಹಂಚಿಕೆಯಾಗದೆ ಚಲನೆ ಎಡವಿದಂತೆ ಕಾಣುತ್ತದೆ. ಜಾಹೀರಾತಿನಲ್ಲಿ 120 ಹರ್ಟ್ಸ್ ಎಂದಿದ್ದರೆ ಅದರ ನಿಜವಾದ ಪ್ರಯೋಜನ ಇದು, ಏಕೆಂದರೆ ಈ ಚಿಪ್‌ಗಳು ಹೊಸ ಆಟಗಳಲ್ಲಿ 120 ಫ್ರೇಮ್‌ಗಳನ್ನು ಕೊಡಲಾರವು.

ಮುಂದಿನದು ಮೆಮೊರಿ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿಗೆ ಅದರದೇ ಮೆಮೊರಿ ಇರುತ್ತದೆ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಅದರ ಸಾಗಣೆಯ ವೇಗ ಸೆಕೆಂಡಿಗೆ 256 ಗಿಗಾಬೈಟ್. 6800ಯು ಒಳಗೇ ಅಡಗಿರುವ ರೇಡಿಯಾನ್ ಭಾಗಕ್ಕೆ ಸಿಗುವುದು ಮುಖ್ಯ ರ‍್ಯಾಮ್‌ನಿಂದ ಬರುವ ಸುಮಾರು 102 ಗಿಗಾಬೈಟ್, ಅದನ್ನೂ ಪ್ರೊಸೆಸರಿನೊಡನೆ ಹಂಚಿಕೊಳ್ಳಬೇಕು. ವ್ಯಾಟ್ ಏರಿಸಿದರೂ ಒಂದು ಹಂತದ ನಂತರ ಫ್ರೇಮ್‌ಗಳು ಏರದಿರುವುದಕ್ಕೆ ಈ ಇಕ್ಕಟ್ಟು ಕಾರಣಗಳಲ್ಲೊಂದು. 2025ರ ಆರ್‌ಒಜಿ ಫ್ಲೋ ಝಡ್13ರಲ್ಲಿ ಬಂದ ರೈಜೆನ್ ಎಐ ಮ್ಯಾಕ್ಸ್+ 395 ಚಿಪ್ಪು ಮೆಮೊರಿಯ ದಾರಿಯನ್ನು ಎರಡರಷ್ಟು ಅಗಲ ಮಾಡಿ, ಅದೇ 256 ಗಿಗಾಬೈಟ್ ವೇಗವನ್ನು ಮುಟ್ಟಿತು. ಆದರೆ ಆ ಚಿಪ್ಪಿನ ವಿದ್ಯುತ್ ಮಿತಿ 45ರಿಂದ 120 ವ್ಯಾಟ್, ಆದ್ದರಿಂದ ಶಾಖದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇನ್ನು ರ‍್ಯಾಮ್‌ನ ಪ್ರಮಾಣ: 16 ಗಿಗಾಬೈಟ್‌ಗಳಲ್ಲಿ ನಾಲ್ಕನ್ನು ಗ್ರಾಫಿಕ್ಸಿಗೆ ಮೀಸಲಿಟ್ಟು, ವಿಂಡೋಸ್‌ಗೂ ಒಂದಷ್ಟು ಕೊಟ್ಟ ಮೇಲೆ ಆಟಕ್ಕೆ ಉಳಿಯುವುದು ಅರ್ಧ. ಈ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಮುಂದೆ ಹೆಚ್ಚಿಸಲಾಗದು. ಕೊಳ್ಳುವಾಗಲೇ 32 ಗಿಗಾಬೈಟ್ ಆರಿಸುವುದು ಒಳಿತು. ಸಂಗ್ರಹದ ಎಸ್‌ಎಸ್‌ಡಿಯನ್ನು ಮಾತ್ರ ಸಾಮಾನ್ಯವಾಗಿ ಬದಲಿಸಬಹುದು, ಬಾಲ್ಡರ್ಸ್ ಗೇಟ್ 3 ಒಂದೇ ಆಟ 150 ಗಿಗಾಬೈಟ್ ಜಾಗ ಕೇಳುವ ಕಾಲದಲ್ಲಿ ಅದನ್ನು ಬದಲಿಸಬೇಕಾಗಿಯೂ ಬರುತ್ತದೆ.

ಬ್ಯಾಟರಿಯ ಲೆಕ್ಕ ಸರಳವಾದ ಭಾಗಾಕಾರ. ವಿನ್ ಮ್ಯಾಕ್ಸ್ 2ರ ಬ್ಯಾಟರಿ 67 ವ್ಯಾಟ್-ಗಂಟೆಯದು. ಚಿಪ್ಪಿಗೆ 28 ವ್ಯಾಟ್, ಪರದೆ, ಫ್ಯಾನು, ವೈಫೈ ಇತ್ಯಾದಿಗಳಿಗೆ ಹತ್ತು ಎಂದು ಹಿಡಿದರೆ ಒಂದೂಮುಕ್ಕಾಲು ಗಂಟೆ. ಚಿಪ್ಪನ್ನು 12 ವ್ಯಾಟ್‌ಗೆ ಕಟ್ಟಿಹಾಕಿ ಹಗುರವಾದ ಆಟ ಆಡಿದರೆ ಮೂರು ಗಂಟೆಯ ಆಚೀಚೆ. ಬೆಂಗಳೂರಿನಿಂದ ರೈಲಿನಲ್ಲಿ ಹೊರಟವರ ಬ್ಯಾಟರಿ ಅರಸೀಕೆರೆಯ ಸುತ್ತಮುತ್ತ ಮುಗಿದೀತು, ಹುಬ್ಬಳ್ಳಿಯವರೆಗೆ ಬರಲಾರದು. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ, ಹೀಗಾಗಿ ತಯಾರಕರು ಅದನ್ನು ದಾಟುವುದಿಲ್ಲ. 150 ವ್ಯಾಟ್ ಬಳಸುವ ಯಂತ್ರವು ಪೂರ್ಣ ಶಕ್ತಿಯಲ್ಲಿ ಓಡಿದರೆ ಅಷ್ಟು ದೊಡ್ಡ ಬ್ಯಾಟರಿಯೂ ನಲವತ್ತು ನಿಮಿಷದಲ್ಲಿ ಬರಿದಾಗುತ್ತದೆ. ಅದಕ್ಕೇ ಚಾರ್ಜರ್ ಕಿತ್ತ ಕೂಡಲೇ ಅಂಥ ಲ್ಯಾಪ್‌ಟಾಪ್‌ಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಪುಟ್ಟ ಯಂತ್ರದಲ್ಲಿ ಚಾರ್ಜರ್ ಇದ್ದಾಗಲೂ ಇಲ್ಲದಿದ್ದಾಗಲೂ ಆಟ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆಯುತ್ತದೆ, ಮೊಬೈಲಿಗೂ ಆಗುವ ಟೈಪ್-ಸಿ ಚಾರ್ಜರ್ ಒಂದೇ ಸಾಕಾಗುತ್ತದೆ. ತೂಕ ಹೋಲಿಸುವವರು ಲ್ಯಾಪ್‌ಟಾಪಿನ ತೂಕವನ್ನು ಮಾತ್ರ ನೋಡದೆ ಚಾರ್ಜರನ್ನೂ ಸೇರಿಸಿ ಚೀಲದ ತೂಕವನ್ನು ನೋಡಬೇಕು.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು, ಕೀಬೋರ್ಡ್ ನಿಜಕ್ಕೂ ಬೇಕೇ ಎಂಬ ಪ್ರಶ್ನೆ. ಕೀಬೋರ್ಡಿಲ್ಲದೆ ಕೈಯಲ್ಲಿ ಹಿಡಿದೇ ಆಡುವ ಯಂತ್ರಗಳಲ್ಲಿ 2022ರಲ್ಲಿ ಬಂದ ಸ್ಟೀಮ್ ಡೆಕ್ 669 ಗ್ರಾಂ, 2023ರ ಆರ್‌ಒಜಿ ಅಲೈ 608 ಗ್ರಾಂ. ಇವು ಪುಟ್ಟ ಲ್ಯಾಪ್‌ಟಾಪ್‌ಗಳಂತೆಯೇ ಒಂದೇ ಚಿಪ್ಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡನ್ನೂ ಇಟ್ಟುಕೊಂಡು ಅದೇ ವ್ಯಾಟ್ ಮಿತಿಯ ಆಸುಪಾಸಿನಲ್ಲಿ ಕಡಿಮೆ ಬೆಲೆಗೆ ಕೆಲಸ ಮಾಡುತ್ತವೆ, ಹಿಡಿದುಕೊಳ್ಳಲು ಅವುಗಳ ಆಕಾರವೂ ಹೆಚ್ಚು ಹಿತ. ಜಾಯ್‌ಸ್ಟಿಕ್‌ನಿಂದಲೇ ಆಡುವ ಆಟಗಳಷ್ಟೇ ಬೇಕಾದವರು ಕೀಬೋರ್ಡಿಗಾಗಿ ಹೆಚ್ಚು ಹಣ ತೆರುವುದರಲ್ಲಿ ಹುರುಳಿಲ್ಲ. ಗುರಿಯಿಟ್ಟು ಗುಂಡು ಹಾರಿಸುವ ಸ್ಪರ್ಧಾತ್ಮಕ ಆಟಗಳಿಗೆ ಮೌಸ್ ಬೇಕು, ಮೌಸಿಗೆ ಮೇಜು ಬೇಕು. ಮೇಜು ಸಿಕ್ಕಿದ ಮೇಲೆ ಹತ್ತು ಇಂಚಿನ ಪರದೆಯ ಮುಂದೆ ಬಗ್ಗಿ ಕೂರುವುದಕ್ಕಿಂತ ಒಂದೂವರೆ ಕಿಲೋ ಆಸುಪಾಸಿನ ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್ ಮೇಲು. 2020ರಲ್ಲಿ ಏಸುಸ್ ಸಂಸ್ಥೆಯ ಝೆಫೈರಸ್ ಜಿ14 ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿನೊಡನೆ 1.6 ಕಿಲೋ ತೂಕದಲ್ಲಿ ಬಂದಂದಿನಿಂದ, ಹನ್ನೊಂದು ಹದಿಮೂರು ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ ತಮ್ಮ ಇರವನ್ನು ಸಮರ್ಥಿಸಿಕೊಳ್ಳುವುದೇ ಕಷ್ಟವಾಗಿದೆ.

ಕೀಬೋರ್ಡಿಲ್ಲದ ಯಂತ್ರ, ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್ ಇವೆರಡರ ನಡುವೆ ಪುಟ್ಟ ಲ್ಯಾಪ್‌ಟಾಪಿಗೆ ಉಳಿಯುವ ಜಾಗ ಕಿರಿದು, ಆದರೆ ಇದೆ. ಮೇಜಿಲ್ಲದ ಕಡೆ ಕೂತು, ಕೀಬೋರ್ಡ್ ಬೇಡುವ ಹಳೆಯ ಪಾತ್ರಾಧಾರಿತ ಆಟಗಳನ್ನು, ನಗರ ಕಟ್ಟುವ ಆಟಗಳನ್ನು, ಸರದಿಯಂತೆ ನಡೆ ಇಡುವ ಆಟಗಳನ್ನು ಆಡುವವರು. ಆಗಾಗ ಊರೂರು ತಿರುಗುತ್ತ, ಅದೇ ಯಂತ್ರದಲ್ಲಿ ಕಚೇರಿಯ ಪತ್ರವನ್ನೂ ಲೆಕ್ಕದ ಹಾಳೆಯನ್ನೂ ತಿದ್ದಬೇಕಾದವರು. ಕಂಪ್ಯೂಟರಿನಲ್ಲಿ ವಿಂಡೋಸ್ ಇಲ್ಲದೆ ಓಡದ ವ್ಯಾಲರೆಂಟ್‌ನಂಥ ಆಟವನ್ನು ಹಾಸ್ಟೆಲ್ ಕೋಣೆಯ ಮಾನಿಟರಿಗೆ ಜೋಡಿಸಿ ಆಡಿ, ಬೆಳಿಗ್ಗೆ ಯಂತ್ರವನ್ನು ಚೀಲದ ಮೂಲೆಗೆ ಹಾಕಿಕೊಂಡು ಹೊರಡುವವರು. ವಿನ್ ಮ್ಯಾಕ್ಸ್ 2ರಲ್ಲಿ ಹತ್ತೂ ಬೆರಳುಗಳಿಂದ ಒತ್ತಬಹುದಾದರೂ ಟಚ್‌ಪ್ಯಾಡ್ ಕೀಬೋರ್ಡಿನ ಮೇಲ್ಭಾಗದಲ್ಲಿ, ಎರಡು ಜಾಯ್‌ಸ್ಟಿಕ್‌ಗಳ ನಡುವೆ ಇರುವುದರಿಂದ ಕೈಗೆ ಹೊಸ ಅಭ್ಯಾಸ ಆಗಬೇಕು. ವಿನ್ ಮಿನಿಯಲ್ಲಿ ಎರಡು ಹೆಬ್ಬೆರಳುಗಳಿಂದ ಒತ್ತುವುದೇ ಅನುಕೂಲ, ಅದರಲ್ಲಿ ವರದಿ ಬರೆಯುವ ಕನಸನ್ನು ಯಾರೂ ಕಾಣಬಾರದು.

ಹೊರಗಿನ ಗ್ರಾಫಿಕ್ಸ್ ಪೆಟ್ಟಿಗೆಯನ್ನು ಜೋಡಿಸಿ ಮನೆಯಲ್ಲಿ ದೊಡ್ಡ ಯಂತ್ರವಾಗಿ, ಹೊರಗೆ ಪುಟ್ಟದಾಗಿ ಬಳಸುವ ಸಾಧ್ಯತೆಯೂ ಇದೆ. 7840ಯು ಪ್ರೊಸೆಸರಿನ ವಿನ್ ಮ್ಯಾಕ್ಸ್ 2ರಲ್ಲಿ ಅದಕ್ಕೆಂದೇ ಆಕ್ಯುಲಿಂಕ್ ಎಂಬ ಕಿಂಡಿಯಿದೆ. ಸೆಕೆಂಡಿಗೆ 64 ಗಿಗಾಬಿಟ್ ಸಾಗಿಸಬಲ್ಲ ಅದು ಥಂಡರ್‌ಬೋಲ್ಟ್ 3ರ 40ಕ್ಕಿಂತ ವೇಗದ್ದು, ಆದರೆ ಯಂತ್ರ ಓಡುತ್ತಿರುವಾಗ ಕೀಳುವಂತಿಲ್ಲ. ಪೆಟ್ಟಿಗೆ, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎಲ್ಲದರ ಬೆಲೆ ಸೇರಿಸಿದರೆ ಮನೆಗೊಂದು ಡೆಸ್ಕ್‌ಟಾಪನ್ನೇ ಕೊಳ್ಳಬಹುದಲ್ಲ ಎಂದು ನನಗೆ ಪ್ರತಿಬಾರಿಯೂ ಅನ್ನಿಸುತ್ತದೆ. ಮನೆಯಲ್ಲಿ ಈಗಾಗಲೇ ಡೆಸ್ಕ್‌ಟಾಪ್ ಇದ್ದವರಿಗೆ ಅದರ ಆಟವನ್ನು ವೈಫೈ ಮೂಲಕ ಯಾವ ಹಗುರ ಲ್ಯಾಪ್‌ಟಾಪಿಗಾದರೂ ತರಿಸಿಕೊಳ್ಳುವ ದಾರಿಯಿದ್ದೇ ಇದೆ.

ವಿಮರ್ಶೆಗಳನ್ನು ಓದುವಾಗ ಮೊದಲ ಮೂರು ನಿಮಿಷದ ಅಂಕಿಗೆ ಬೆಲೆ ಕೊಡಬಾರದು. ತಾಮ್ರದ ಪೈಪು, ಹೊರಕವಚಗಳೆಲ್ಲ ತಣ್ಣಗಿರುವಾಗ ಯಾವ ಯಂತ್ರವೂ ಚುರುಕಾಗಿರುತ್ತದೆ. ಅರ್ಧ ಗಂಟೆ ಆಡಿದ ಮೇಲೆ ಎಷ್ಟು ವ್ಯಾಟ್‌ನಲ್ಲಿ ನಿಂತಿತು ಎಂಬುದೇ ಅದರ ನಿಜವಾದ ಮಟ್ಟ. ಸರಾಸರಿ ಫ್ರೇಮ್ ಸಂಖ್ಯೆಯ ಪಕ್ಕದಲ್ಲಿ, ತೀರ ನಿಧಾನವಾದ ಒಂದು ಪ್ರತಿಶತ ಫ್ರೇಮ್‌ಗಳ ಅಂಕಿಯನ್ನೂ ಕೊಟ್ಟಿದ್ದಾರೆಯೇ ನೋಡಬೇಕು. ಎಫ್‌ಎಸ್‌ಆರ್‌ನಂಥ ತಂತ್ರಗಳು ಕಡಿಮೆ ಪಿಕ್ಸೆಲ್‌ಗಳ ಚಿತ್ರವನ್ನು ಹಿಗ್ಗಿಸುತ್ತವೆ, ಅವುಗಳ ಹೊಸ ಆವೃತ್ತಿಗಳು ನಡುವೆ ಕೃತಕ ಫ್ರೇಮ್‌ಗಳನ್ನೂ ಸೇರಿಸುತ್ತವೆ. ಹಿಗ್ಗಿಸುವುದು ಚಿಕ್ಕ ಪರದೆಯಲ್ಲಿ ಒಪ್ಪುತ್ತದೆ. ಕೃತಕ ಫ್ರೇಮ್‌ಗಳಿಂದ ಚಲನೆ ನಯವಾಗಿ ಕಂಡರೂ ಗುಂಡಿ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ, 25 ಫ್ರೇಮ್‌ಗಳನ್ನು 50 ಎಂದು ತೋರಿಸಿದ ವಿಮರ್ಶೆ ದಾರಿ ತಪ್ಪಿಸುತ್ತದೆ.

ಕೊನೆಯದಾಗಿ, ಭಾರತದಲ್ಲಿ ಕೊಳ್ಳುವವರ ವಿಚಾರ. ಏಸುಸ್‌ನಂಥ ದೊಡ್ಡ ಸಂಸ್ಥೆಗಳ ಯಂತ್ರಗಳು ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ, ಇಲ್ಲಿಯೇ ದುರಸ್ತಿಯಾಗುತ್ತವೆ. ಜಿಪಿಡಿಯಂಥ ಸಂಸ್ಥೆಗಳ ಯಂತ್ರವನ್ನು ಹೊರದೇಶದಿಂದ ತರಿಸಿಕೊಳ್ಳುವವರು ನಿಯಮಗಳನ್ನೂ ಗಮನಿಸಬೇಕು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಆಮದನ್ನು ನಿರ್ಬಂಧಿಸಿದಾಗ, ಅಂಚೆ ಅಥವಾ ಕೊರಿಯರ್ ಮೂಲಕ ತರಿಸಿಕೊಳ್ಳುವ ಒಂದು ಯಂತ್ರಕ್ಕೆ, ಸುಂಕ ಕಟ್ಟುವ ಷರತ್ತಿನ ಮೇಲೆ, ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. ಸುಂಕ, ತೆರಿಗೆಗಳನ್ನು ಸೇರಿಸಿದಾಗ ಯಂತ್ರದ ಬೆಲೆಯು ಆರ್‌ಟಿಎಕ್ಸ್ ಚಿಪ್ಪಿರುವ ಹದಿನಾಲ್ಕು ಇಂಚಿನ ಲ್ಯಾಪ್‌ಟಾಪಿನ ಬೆಲೆಯನ್ನು ಮುಟ್ಟುವ ಸಾಧ್ಯತೆಯಿದೆ, ಆದ್ದರಿಂದ ಹೋಲಿಕೆಯನ್ನು ಡಾಲರಿನಲ್ಲಿ ಮಾಡದೆ ಬಾಗಿಲಿಗೆ ಬಂದ ಮೇಲಿನ ರೂಪಾಯಿಯಲ್ಲಿ ಮಾಡಬೇಕು. ಕೆಟ್ಟರೆ ಯಂತ್ರವನ್ನು ತಯಾರಕರ ದೇಶಕ್ಕೇ ಕಳಿಸಬೇಕಾಗಬಹುದು. ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸುವುದಕ್ಕೆ ಕಟ್ಟುನಿಟ್ಟಿನ ನಿಯಮಗಳಿರುವುದರಿಂದ ಬಿಡಿ ಬ್ಯಾಟರಿ ತರಿಸುವುದು ಸುಲಭವಲ್ಲ. ಸದಾ ಬಿಸಿಯಲ್ಲಿ ಕೆಲಸ ಮಾಡುವ ಪುಟ್ಟ ಯಂತ್ರದಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ, ಉಬ್ಬುವ ಸಾಧ್ಯತೆಯೂ ಹೆಚ್ಚು. ಅದೇ ಮಾದರಿಯ ಬ್ಯಾಟರಿ, ಫ್ಯಾನು, ಜಾಯ್‌ಸ್ಟಿಕ್‌ಗಳನ್ನು ತಯಾರಕರು ಬಿಡಿಯಾಗಿ ಮಾರುತ್ತಾರೆಯೇ, ಹಿಂಬದಿಯ ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ತೆರೆಯುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.